ಡಿಎನ್‌ಎ ಮಾದರಿ ಕೊಡುವ ಮುನ್ನ: ಕುಟುಂಬಗಳಿಗೊಂದು ಕೈಪಿಡಿ

"ತೀರಿಕೊಂಡವರು ನಿಮಗೆ ಏನಾಗಬೇಕು?"

"ಚಿಕ್ಕಪ್ಪ."

ಜಿಲ್ಲಾ ಆಸ್ಪತ್ರೆಯೊಂದರ ಶವಾಗಾರದ ಹೊರಗಿನ ಬೆಂಚಿನಲ್ಲಿ ಕುಳಿತು ಈ ಮಾತುಕತೆಯನ್ನು ಕೇಳಿದ್ದೇನೆ. ಅಪಘಾತದಲ್ಲಿ ವಾಹನದ ಒಳಗೇ ಸುಟ್ಟುಹೋದ ದೇಹ. ಮುಖ ನೋಡಿ ಗುರುತಿಸುವಂತಿರಲಿಲ್ಲ. ನಮ್ಮ ಬೀದಿಯ ಹುಡುಗ ಧೈರ್ಯ ತಂದುಕೊಂಡು ರಕ್ತ ಕೊಡಲು ಮುಂದೆ ಬಂದ. ಸಿಬ್ಬಂದಿ ನಮೂನೆಯಲ್ಲಿ 'ಚಿಕ್ಕಪ್ಪ' ಎಂದು ಬರೆದುಕೊಂಡು ರಕ್ತ ತೆಗೆದುಕೊಂಡರು. ವಾರಗಳ ಮೇಲೆ 'ಹೊಂದಾಣಿಕೆ ಇಲ್ಲ' ಎಂಬ ವರದಿ ಬಂತು. ದುಃಖದ ಮನೆಯಲ್ಲಿ ಅನುಮಾನ, ಜಗಳ, ಅಳು ಎಲ್ಲವೂ ಒಟ್ಟಿಗೆ ಎದ್ದವು. ಕೊನೆಗೆ ಯಾರೋ ಬಿಡಿಸಿ ಕೇಳಿದಾಗ ವಿಷಯ ತಿಳಿಯಿತು: ತೀರಿಕೊಂಡವರು ಆ ಹುಡುಗನ ತಾಯಿಯ ತಂಗಿಯ ಗಂಡ. ಕರೆಯುವುದು ಚಿಕ್ಕಪ್ಪ ಎಂದೇ, ಆದರೆ ರಕ್ತಸಂಬಂಧ ಎಳ್ಳಷ್ಟೂ ಇಲ್ಲ.

ಪ್ರಯೋಗಾಲಯ ತಪ್ಪು ಮಾಡಿರಲಿಲ್ಲ. ಅದಕ್ಕೆ ಕೊಟ್ಟ ಮಾದರಿಯೇ ತಪ್ಪಾಗಿತ್ತು. ಡಿಎನ್‌ಎ ಪರೀಕ್ಷೆಯಲ್ಲಿ ಕುಟುಂಬದ ಕೈಯಲ್ಲಿರುವ ಕೆಲಸ ಮುಖ್ಯವಾಗಿ ಎರಡು: ಯಾವ ಪ್ರಶ್ನೆ ಕೇಳಬೇಕು, ಅದಕ್ಕೆ ಯಾರ ಮಾದರಿ ಕೊಡಬೇಕು ಎಂದು ತೀರ್ಮಾನಿಸುವುದು. ಇವೆರಡನ್ನು ಸರಿಯಾಗಿ ಮಾಡುವುದು ಹೇಗೆ ಎಂದು ಯಾರೂ ಮೊದಲೇ ಹೇಳುವುದಿಲ್ಲ. ಅದಕ್ಕಾಗಿಯೇ ಈ ಬರಹ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಕಾಗದದ ಮೇಲೆ ಬರೆಯಿರಿ

'ಡಿಎನ್‌ಎ ಟೆಸ್ಟ್ ಮಾಡಿಸಬೇಕು' ಎನ್ನುವುದು ಪ್ರಶ್ನೆಯಾಗುವುದಿಲ್ಲ. 'ಈ ದೇಹ ನಮ್ಮ ಅಣ್ಣನದೇ?', 'ಈ ಮಗುವಿನ ತಂದೆ ಇವರೇ?', 'ನಾವಿಬ್ಬರೂ ಒಂದೇ ತಂದೆಯ ಮಕ್ಕಳೇ?' ಎನ್ನುವವು ಪ್ರಶ್ನೆಗಳು. ಮೂರಕ್ಕೂ ಮಾಡುವ ಪರೀಕ್ಷೆ ಬೇರೆ, ಬೇಕಾಗುವ ಜನ ಬೇರೆ, ಸಿಗುವ ಉತ್ತರದ ಗಟ್ಟಿತನವೂ ಬೇರೆ. ಉತ್ತರವನ್ನು ಎಲ್ಲಿ ತೋರಿಸಬೇಕು ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಿರಿ. ನ್ಯಾಯಾಲಯಕ್ಕೋ, ರಾಯಭಾರ ಕಚೇರಿಗೋ, ಮನೆಯವರ ಸಮಾಧಾನಕ್ಕೋ? ಮನೆಯ ಸಮಾಧಾನಕ್ಕೆಂದು ಮಾಡಿಸಿದ ವರದಿಯನ್ನು ಹಿಡಿದು ನ್ಯಾಯಾಲಯಕ್ಕೆ ಹೋದವರು ಸಾಮಾನ್ಯವಾಗಿ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಯಾವ ಡಿಎನ್‌ಎ ಯಾವ ದಾರಿಯಲ್ಲಿ ಬರುತ್ತದೆ ಎಂದು ತಿಳಿಯಿರಿ

ನಮ್ಮ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ, ಎಂದರೆ ಡಿಎನ್‌ಎ ಸುತ್ತಿಕೊಂಡಿರುವ ಎಳೆಗಳು. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ, ಒಂದು ತಂದೆಯಿಂದ ಬಂದದ್ದು. ಮೊದಲ 22 ಜೊತೆಗಳಲ್ಲಿ ತಂದೆ ತಾಯಿ ಇಬ್ಬರ ಗುರುತೂ ಸಮನಾಗಿ ಇರುತ್ತದೆ. ವ್ಯಕ್ತಿಯನ್ನು ಗುರುತಿಸುವ ಸಾಮಾನ್ಯ ಪರೀಕ್ಷೆ ಮುಖ್ಯವಾಗಿ ನಡೆಯುವುದು ಇಲ್ಲಿಯೇ.

23ನೆಯ ಜೊತೆಯಲ್ಲಿ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ ಇರುತ್ತವೆ. ಇನ್ನೆರಡು ದಾರಿಗಳನ್ನು ತಿಳಿಯಲು ನಮ್ಮ ನೆಲದ ಪದ್ಧತಿಗಳೇ ಸಾಕು. ಗೋತ್ರ ತಂದೆಯಿಂದ ಮಗನಿಗೆ, ಅವನಿಂದ ಅವನ ಮಗನಿಗೆ ಹೋಗುತ್ತದಲ್ಲ, ವೈ ವರ್ಣತಂತು ಹೋಗುವುದು ಹಾಗೆ. ತಂದೆಯ ತಂದೆ, ತಂದೆಯ ಅಣ್ಣ, ತಂದೆ, ಅಣ್ಣ, ತಂದೆಯ ತಮ್ಮನ ಮಗ ಎಲ್ಲರಲ್ಲೂ ಅದು ಬಹುಮಟ್ಟಿಗೆ ಒಂದೇ. ಆದ್ದರಿಂದ ವೈ ಪರೀಕ್ಷೆ ಮನೆತನವನ್ನು ತೋರಿಸುತ್ತದೆ, ಆ ಮನೆತನದಲ್ಲಿ ಇಂಥವನೇ ಎಂದು ಬೆರಳು ಮಾಡುವುದಿಲ್ಲ. ತುಳುನಾಡಿನ ಅಳಿಯಸಂತಾನದಲ್ಲಿ 'ಬಳಿ' ತಾಯಿಯಿಂದ ಮಕ್ಕಳಿಗೆ ಬಂದು ಮಗಳ ಮೂಲಕ ಮುಂದುವರಿಯುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗಗಳಾದ ಮೈಟೊಕಾಂಡ್ರಿಯಾದ ಡಿಎನ್‌ಎ ನಡೆಯುವುದು ಅದೇ ದಾರಿಯಲ್ಲಿ. ತಾಯಿ ಅದನ್ನು ಗಂಡು ಹೆಣ್ಣು ಮಕ್ಕಳೆಲ್ಲರಿಗೂ ಕೊಡುತ್ತಾಳೆ, ಆದರೆ ಮುಂದಿನ ಪೀಳಿಗೆಗೆ ದಾಟಿಸುವವಳು ಮಗಳು ಮಾತ್ರ. ಕೇವಲ ಸುಮಾರು 16,569 ಅಕ್ಷರಗಳ ಈ ಚಿಕ್ಕ ಉಂಗುರ ಒಂದೊಂದು ಕೋಶದಲ್ಲಿ ನೂರಾರು, ಸಾವಿರಾರು ಪ್ರತಿಗಳಾಗಿ ಇರುವುದರಿಂದ, ಹಳೆಯ ಮೂಳೆಯಲ್ಲಿ ಬೇರೆಲ್ಲ ನಾಶವಾದರೂ ಇದು ಉಳಿದಿರುವ ಸಾಧ್ಯತೆ ಹೆಚ್ಚು.

ಇನ್ನೊಂದು ದಾರಿ ಬಹಳ ಜನಕ್ಕೆ ಗೊತ್ತಿಲ್ಲ. ತಂದೆಗೆ ಇರುವುದು ಒಂದೇ ಎಕ್ಸ್ ವರ್ಣತಂತು, ಅದು ಅವನ ತಾಯಿಯಿಂದ ಬಂದದ್ದು, ಅದನ್ನು ಅವನು ತನ್ನ ಎಲ್ಲ ಹೆಣ್ಣುಮಕ್ಕಳಿಗೂ ಕೊಡುತ್ತಾನೆ. ತಂದೆ ತೀರಿಹೋಗಿದ್ದು, ಮೊಮ್ಮಗಳು ನಮ್ಮವಳೇ ಎಂಬ ಪ್ರಶ್ನೆ ಎದ್ದಾಗ ತಂದೆಯ ತಾಯಿ ಬದುಕಿದ್ದರೆ ಅವರ ಮಾದರಿ ಚಿನ್ನಕ್ಕೆ ಸಮ.

ಮೂರನೆಯ ಹೆಜ್ಜೆ: ಯಾರನ್ನು ಕರೆದೊಯ್ಯಬೇಕು

ಶವದ ಗುರುತಿಗೆ ಹೋಗುವಾಗ ಮೊದಲ ಆಯ್ಕೆ ತೀರಿಕೊಂಡವರ ತಂದೆ ಮತ್ತು ತಾಯಿ, ಇಬ್ಬರೂ. ಅಥವಾ ಮಕ್ಕಳು, ಜೊತೆಗೆ ಆ ಮಕ್ಕಳ ಇನ್ನೊಬ್ಬ ಪಾಲಕರು. ಹೆಂಡತಿಗೆ ಗಂಡನೊಂದಿಗೆ ರಕ್ತಸಂಬಂಧ ಇಲ್ಲದಿದ್ದರೂ, ಮಗುವಿನ ಡಿಎನ್‌ಎಯಲ್ಲಿ ತಾಯಿಯ ಪಾಲು ಯಾವುದೆಂದು ಬೇರ್ಪಡಿಸಲು ಆಕೆಯ ಮಾದರಿ ಬೇಕು. 'ನಾನೇಕೆ ಕೊಡಬೇಕು' ಎಂದು ಹಿಂದೆ ಸರಿಯುವ ಹೆಂಡತಿಯರನ್ನು ನೋಡಿದ್ದೇನೆ. ಇದನ್ನು ವಿವರಿಸಿದ ಮೇಲೆ ಒಪ್ಪುತ್ತಾರೆ.

ಇವರು ಯಾರೂ ಇಲ್ಲದಿದ್ದರೆ ಒಡಹುಟ್ಟಿದವರು, ಒಬ್ಬರಿಗಿಂತ ಹೆಚ್ಚು ಜನ. ಏಕೆಂದರೆ ಒಂದೇ ತಂದೆತಾಯಿಯ ಇಬ್ಬರು ಮಕ್ಕಳಲ್ಲಿ, ಪರೀಕ್ಷೆಯಲ್ಲಿ ನೋಡುವ ಡಿಎನ್‌ಎಯ ಒಂದು ನಿರ್ದಿಷ್ಟ ಜಾಗಕ್ಕೆ ತಂದೆತಾಯಿಯಿಂದ ಇಬ್ಬರಿಗೂ ಒಂದೇ ತುಣುಕು ಬಾರದೇ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗಾಗಿ ಒಬ್ಬನೇ ತಮ್ಮನ ರಕ್ತದಿಂದ ಬರುವ ಉತ್ತರ ಕೆಲವೊಮ್ಮೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಿರುತ್ತದೆ. ಮೂವರು ಒಡಹುಟ್ಟಿದವರು ಕೊಟ್ಟರೆ ತಂದೆತಾಯಿಯ ಡಿಎನ್‌ಎಯ ಬಹುಭಾಗ ಮತ್ತೆ ಜೋಡಿಸಲು ಸಿಗುತ್ತದೆ. ಅವಳಿಗಳ ವಿಷಯದಲ್ಲಿ ಮಾತ್ರ ಎಚ್ಚರ: ಏಕಾಂಡ ಅವಳಿಗಳನ್ನು ಸಾಮಾನ್ಯ ಪರೀಕ್ಷೆ ಬೇರ್ಪಡಿಸಲಾರದು.

ನಮೂನೆಯಲ್ಲಿ ಕರೆಯುವ ಹೆಸರನ್ನು ಬರೆಯಬೇಡಿ. 'ಚಿಕ್ಕಪ್ಪ', 'ದೊಡ್ಡಮ್ಮ', 'ಅತ್ತೆ', 'ಮಾವ' ಈ ನಾಲ್ಕೂ ಮಾತುಗಳಿಗೆ ಎರಡೆರಡು ಅರ್ಥಗಳುಂಟು, ಒಂದು ರಕ್ತದಿಂದ, ಒಂದು ಮದುವೆಯಿಂದ. 'ತಾಯಿಯ ಸ್ವಂತ ಅಕ್ಕ', 'ತಂದೆಯ ಒಡಹುಟ್ಟಿದ ತಮ್ಮ, ಇಬ್ಬರಿಗೂ ತಾಯಿ ಒಬ್ಬರೇ' ಎಂದು ಬಿಡಿಸಿ ಬರೆಯಿರಿ. ದತ್ತು, ಎರಡನೆಯ ಮದುವೆ, ಮಲತಾಯಿ ಮಕ್ಕಳು, ಯಾವುದನ್ನೂ ಮುಚ್ಚಿಡಬೇಡಿ. ಎಲ್ಲರ ಎದುರಿಗೆ ಹೇಳಲಾಗದಿದ್ದರೆ ಪ್ರಯೋಗಾಲಯದ ಅಧಿಕಾರಿಗೆ ಒಬ್ಬರೇ ಹೋಗಿ ಹೇಳಿ.

ಆ ಹುಡುಗನ ಮನೆಯವರು ಕೊನೆಗೆ ತೀರಿಕೊಂಡವರ ತಾಯಿಯನ್ನು ಊರಿನಿಂದ ಕರೆತಂದರು. ಬೆರಳು ಚುಚ್ಚಿಸಿಕೊಳ್ಳಲು ಸೆರಗಿನಿಂದ ಕೈ ಒರೆಸಿಕೊಂಡು ಕುಳಿತ ಆ ಅಜ್ಜಿ, 'ಇಷ್ಟೇ ಸಾಕೇನಪ್ಪಾ?' ಎಂದು ಕೇಳಿದರು. ಅಷ್ಟೇ ಸಾಕಾಗಿತ್ತು.

ನಾಲ್ಕನೆಯ ಹೆಜ್ಜೆ: ಹೋಲಿಸಲು ಯಾರೂ ಇಲ್ಲದಿದ್ದರೆ ಮನೆಯನ್ನು ಹುಡುಕಿ

ಕಾಣೆಯಾದವರು ಬಳಸಿದ ಹಲ್ಲುಜ್ಜುವ ಬ್ರಷ್, ಕ್ಷೌರದ ಬ್ಲೇಡ್, ಒಗೆಯದ ಒಳಉಡುಪು ಇವುಗಳನ್ನು ಬರಿಗೈಯಲ್ಲಿ ಮುಟ್ಟದೆ, ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಇಡಿ. ಪ್ಲಾಸ್ಟಿಕ್ ಚೀಲ ಬೇಡ, ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ. ಬಾಚಣಿಗೆಯ ಕೂದಲಿನಲ್ಲಿ ಬುಡ ಇದ್ದರೆ ಒಳ್ಳೆಯದು. ದೇವರಿಗೆ ಮುಡಿ ಕೊಟ್ಟಾಗ ತೆಗೆದಿಟ್ಟ ಕೂದಲಿಗೆ ಬುಡವಿರುವುದಿಲ್ಲ, ಅದರಲ್ಲಿ ಹೆಚ್ಚೆಂದರೆ ತಾಯಿಯ ದಾರಿಯ ಮೈಟೊಕಾಂಡ್ರಿಯಾ ಡಿಎನ್‌ಎ ಸಿಕ್ಕೀತು. ಕೆಲವು ಮನೆಗಳಲ್ಲಿ ಮಗುವಿನ ಒಣಗಿದ ಹೊಕ್ಕುಳಬಳ್ಳಿಯ ತುಂಡನ್ನು ತಾಯಿತದಲ್ಲಿ ಇಟ್ಟಿರುತ್ತಾರೆ. ಅದನ್ನು ಎಸೆಯಬೇಡಿ, ಅದರಿಂದ ಡಿಎನ್‌ಎ ಸಿಗಬಹುದು. ಹಿಂದೆ ಶಸ್ತ್ರಚಿಕಿತ್ಸೆಯಾಗಿದ್ದರೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೇಣದ ಅಚ್ಚಿನಲ್ಲಿಟ್ಟ ಅಂಗಾಂಶದ ತುಣುಕು ಉಳಿದಿದೆಯೇ ಎಂದು ಕೇಳಿ.

ಅಪರಿಚಿತ ಶವ ನಿಮ್ಮವರದಿರಬಹುದು ಎಂಬ ಅನುಮಾನವಿದ್ದರೆ, ದಹನಕ್ಕೆ ಮೊದಲೇ ದವಡೆಹಲ್ಲು ಅಥವಾ ತೊಡೆಮೂಳೆಯ ತುಂಡನ್ನು ತೆಗೆದಿಡುವಂತೆ ತನಿಖಾಧಿಕಾರಿಗೆ ಲಿಖಿತವಾಗಿ ಕೇಳಿಕೊಳ್ಳಿ, ಅರ್ಜಿಯ ಸ್ವೀಕೃತಿ ಪಡೆಯಿರಿ. ಅದನ್ನು ದೇಹದ ಭಾಗಗಳು ಕೊಳೆಯದಂತೆ ಬಳಸುವ ಫಾರ್ಮಲಿನ್‌ನಲ್ಲಿ ಇಡಬಾರದು, ಅದು ಡಿಎನ್‌ಎಯನ್ನು ಕೆಡಿಸುತ್ತದೆ. ಚಿತೆ ಉರಿದ ಮೇಲೆ ಅಸ್ಥಿಯಿಂದ ಉತ್ತರ ತೆಗೆಯುವುದು ಬಹುತೇಕ ಅಸಾಧ್ಯ.

ಅವಸರದಿಂದ ಆಗುವ ನಷ್ಟ ಎಂಥದ್ದು ಎಂಬುದಕ್ಕೆ ಮಂಗಳೂರಿಗಿಂತ ದೊಡ್ಡ ಪಾಠ ಬೇಕಿಲ್ಲ. 2010ರ ಮೇ 22ರ ಬೆಳಿಗ್ಗೆ ಬಜ್ಪೆಯಲ್ಲಿ ವಿಮಾನ ಕಮರಿಗೆ ಉರುಳಿ 158 ಜನ ತೀರಿಕೊಂಡರು, ಎಂಟು ಜನ ಉಳಿದರು. ಬಟ್ಟೆ, ಒಡವೆ, ಮೈಮೇಲಿನ ಗುರುತು ನೋಡಿ ಹೆಚ್ಚಿನ ದೇಹಗಳನ್ನು ಬೇಗನೆ ಮನೆಯವರಿಗೆ ಒಪ್ಪಿಸಲಾಯಿತು. ಉಳಿದವಕ್ಕೆ ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಕೇಂದ್ರದಲ್ಲಿ ಪರೀಕ್ಷೆ ನಡೆಯಿತು. ಆದರೂ 12 ದೇಹಗಳು ಯಾರೊಂದಿಗೂ ಹೊಂದಲಿಲ್ಲ. ಮೊದಲೇ ಒಪ್ಪಿಸಿದವುಗಳಲ್ಲಿ ಅದಲುಬದಲಾಗಿರಬೇಕು ಎಂಬ ಮಾತು ಆಗಲೇ ಕೇಳಿಬಂತು. ಆ ಹನ್ನೆರಡನ್ನು ಕೂಳೂರಿನ ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಮಣ್ಣು ಮಾಡಲಾಯಿತು. 'ಇದು ನಮ್ಮವರದೇ' ಎಂದು ಮನಸ್ಸು ಹೇಳಿದರೂ, ಮುಖ ಸ್ಪಷ್ಟವಿಲ್ಲದಿದ್ದರೆ ವರದಿಗಾಗಿ ಕಾಯಿರಿ. ಆ ಕೆಲವು ದಿನಗಳು ನರಕವೆಂದು ಬಲ್ಲೆ. ಆದರೂ ಕಾಯಿರಿ, ಇನ್ನೊಂದು ಮನೆಯವರೂ ಅದೇ ದೇಹಕ್ಕಾಗಿ ಕಾದಿರಬಹುದು.

ಐದನೆಯ ಹೆಜ್ಜೆ: ಮಾದರಿ ಕೊಡುವ ದಿನ

ಬದುಕಿರುವವರಿಂದ ಒಂದೆರಡು ಮಿಲಿಲೀಟರ್ ರಕ್ತ ಅಥವಾ ಕೆನ್ನೆಯ ಒಳಭಾಗದ ಉಜ್ಜು ಸಾಕು. ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆಯ ಒಳಗೋಡೆಗೆ ಒತ್ತಿ ಅರ್ಧ ನಿಮಿಷ ತಿರುಗಿಸುತ್ತಾರೆ. ಬೇಕಾಗಿರುವುದು ಎಂಜಲಲ್ಲ, ಅಲ್ಲಿಂದ ಕಿತ್ತು ಬರುವ ಜೀವಕೋಶಗಳು. ಆದ್ದರಿಂದ ಒಂದು ಗಂಟೆ ಮೊದಲಿನಿಂದ ಏನನ್ನೂ ತಿನ್ನಬೇಡಿ. ಎಲೆಅಡಿಕೆ, ತಂಬಾಕು ಹಾಕುವ ಹಿರಿಯರು ಬಾಯನ್ನು ಚೆನ್ನಾಗಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಬಿಟ್ಟು ಕೊಡಲಿ. ಎದೆಹಾಲು ಕುಡಿಯುವ ಮಗುವಾದರೆ ಹಾಲು ಕುಡಿಸಿ ಒಂದು ಗಂಟೆಯಾದರೂ ಕಳೆದಿರಲಿ, ಏಕೆಂದರೆ ಹಾಲಿನಲ್ಲಿ ತಾಯಿಯ ಕೋಶಗಳಿರುತ್ತವೆ.

ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಹೇಳಿ. ಅಸ್ಥಿಮಜ್ಜೆ ಕಸಿ ಆಗಿದ್ದರಂತೂ ಹೇಳಲೇಬೇಕು, ಅಂಥವರ ರಕ್ತದಲ್ಲಿ ಇರುವುದು ದಾನಿಯ ಡಿಎನ್‌ಎ.

ಲಕೋಟೆಯ ಮೇಲೆ ನಿಮ್ಮ ಹೆಸರು, ದಿನಾಂಕ, ಸಹಿ ಸರಿಯಾಗಿವೆಯೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ. ನಿಮ್ಮೆದುರಿಗೇ ಮೊಹರು ಹಾಕಿಸಿ. ಪೊಲೀಸ್ ಪ್ರಕರಣವಾದರೆ ಮಹಜರಿನಲ್ಲಿ ಇದು ದಾಖಲಾಗಬೇಕು. ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಎದುರಾಳಿಯ ವಕೀಲರು ಹಿಡಿಯುವುದು ಅಲ್ಲಿಯೇ. ಕರ್ನಾಟಕದಲ್ಲಿ ಪೊಲೀಸ್ ಪ್ರಕರಣಗಳ ಮಾದರಿಗಳು ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ, ಅದರ ಮುಖ್ಯ ಕೇಂದ್ರ ಬೆಂಗಳೂರಿನ ಮಡಿವಾಳದಲ್ಲಿದೆ. ಖಾಸಗಿಯಾಗಿ ಮಾಡಿಸುವುದಾದರೆ ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಮಾನ್ಯತೆ ಈ ಪರೀಕ್ಷೆಗೇ ಇದೆಯೇ ಎಂದು ಕೇಳಿ. ಅಮೆರಿಕದ ವೀಸಾಕ್ಕಾದರೆ ಎಎಬಿಬಿ ಎಂಬ ಅಲ್ಲಿನ ಸಂಸ್ಥೆಯ ಮಾನ್ಯತೆ ಪಡೆದ ಪ್ರಯೋಗಾಲಯವೇ ಬೇಕು, ನೀವಾಗಿಯೇ ಮಾಡಿಸಿದ ವರದಿ ನಡೆಯದು.

ಆರನೆಯ ಹೆಜ್ಜೆ: ವರದಿಯನ್ನು ಓದುವುದು

ವರದಿ ಬಂದಾಗ ಎಲ್ಲರ ಕಣ್ಣೂ ಕೊನೆಯ ಸಾಲಿಗೆ ಓಡುತ್ತದೆ. ನೀವು ಮೊದಲು ಕೋಷ್ಟಕವನ್ನು ನೋಡಿ. ಅದು ಕಷ್ಟವಲ್ಲ.

ಡಿಎನ್‌ಎಯ ಕೆಲವು ಜಾಗಗಳಲ್ಲಿ ನಾಲ್ಕಕ್ಷರದ ಒಂದು ಪದ ಮತ್ತೆ ಮತ್ತೆ ಬರುತ್ತದೆ, ಅಕ್ಕಪಕ್ಕದಲ್ಲೇ. ಎಷ್ಟು ಸಲ ಎಂಬುದು ಒಬ್ಬರಿಂದೊಬ್ಬರಿಗೆ ಬೇರೆ. ಪರೀಕ್ಷೆ ಎಣಿಸುವುದು ಇದನ್ನು. ಕೋಷ್ಟಕದಲ್ಲಿ 'ಟಿಎಚ್01' ಎಂಬ ಸಾಲು ಇರುತ್ತದೆ, ಅದು 11ನೆಯ ವರ್ಣತಂತುವಿನ ಒಂದು ಜಾಗ. ಅಲ್ಲಿ ತಾಯಿಗೆ 6 ಮತ್ತು 7, ಮಗುವಿಗೆ 7 ಮತ್ತು 9.3 ಎಂದು ಇದೆ ಎನ್ನಿ. 9.3 ಎಂದರೆ ಒಂಬತ್ತು ಪೂರ್ತಿ ಪದ, ಜೊತೆಗೆ ಮೂರೇ ಅಕ್ಷರದ ಒಂದು ಅರೆಪದ. ಮಗುವಿನ 7 ತಾಯಿಯದು. ಹಾಗಾದರೆ 9.3 ತಂದೆಯಿಂದಲೇ ಬಂದಿರಬೇಕು. ತಂದೆ ಎನ್ನಲಾದವರ ಸಾಲಿನಲ್ಲಿ 8 ಮತ್ತು 9.3 ಇದ್ದರೆ ಅವರು ಇಲ್ಲಿ ಹೊಂದುತ್ತಾರೆ. 6 ಮತ್ತು 8 ಇದ್ದರೆ ಹೊಂದುವುದಿಲ್ಲ.

ಆದರೆ ಒಂದು ಜಾಗದಲ್ಲಿ ಹೊಂದಿದರೆ ಸಾಕೇ? 9.3 ಇರುವವರು ಊರಿನಲ್ಲಿ ಬೇಕಾದಷ್ಟು ಜನ ಇರಬಹುದು. ಆದ್ದರಿಂದ ಪ್ರತಿ ಜಾಗಕ್ಕೂ ಒಂದು ಸೂಚ್ಯಂಕ ಲೆಕ್ಕ ಹಾಕುತ್ತಾರೆ: ಇವರೇ ತಂದೆಯಾಗಿದ್ದರೆ ಈ ಹೊಂದಾಣಿಕೆ ಬರುವ ಸಾಧ್ಯತೆ, ದಾರಿಹೋಕ ಗಂಡಸೊಬ್ಬ ತಂದೆಯಾಗಿದ್ದರೆ ಬರುವ ಸಾಧ್ಯತೆಗಿಂತ ಎಷ್ಟು ಪಟ್ಟು? ಲೆಕ್ಕಕ್ಕೆಂದು, ಜನಸಮುದಾಯದಲ್ಲಿ 9.3ರ ಪಾಲು ನೂರಕ್ಕೆ ಹತ್ತು ಎಂದುಕೊಳ್ಳೋಣ. ತಂದೆ ತನ್ನ ಎರಡರಲ್ಲಿ ಒಂದನ್ನು ಕೊಡುವುದು ಅರ್ಧ ಸಾಧ್ಯತೆ. ಅರ್ಧವನ್ನು ಹತ್ತನೇ ಒಂದರಿಂದ ಭಾಗಿಸಿದರೆ ಐದು. ಇಂಥ ಐದುಗಳನ್ನು ಜಾಗದಿಂದ ಜಾಗಕ್ಕೆ ಗುಣಿಸುತ್ತಾ ಹೋಗಬೇಕು. ಎಂಟೇ ಜಾಗಕ್ಕೆ 3,90,625 ಆಯಿತು. ಮೊದಲಿಗೆ ಎರಡೂ ಕಡೆಗೆ ಸಮ ಅವಕಾಶ ಕೊಟ್ಟು ಇದನ್ನು ಶೇಕಡಾಕ್ಕೆ ತಿರುಗಿಸಿದರೆ 99.9997. ಇಂದಿನ ಪರೀಕ್ಷೆಗಳಲ್ಲಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜಾಗಗಳಿರುತ್ತವೆ. ವರದಿಯ ಕೊನೆಯ '99.99' ಹುಟ್ಟುವುದು ಹೀಗೆ. ಅದು ನೂರು ಎಂದು ಎಂದೂ ಆಗುವುದಿಲ್ಲ, ಆಗದಿರುವುದು ದೋಷವೂ ಅಲ್ಲ.

ಒಂದೇ ಒಂದು ಸಾಲು ಹೊಂದದಿದ್ದರೆ ಗಾಬರಿ ಬೇಡ. ತಂದೆಯಿಂದ ಮಗುವಿಗೆ ದಾಟುವಾಗ ಎಣಿಕೆಯಲ್ಲಿ ಒಂದು ಹೆಚ್ಚುಕಡಿಮೆಯಾಗುವುದು ಒಂದು ಜಾಗಕ್ಕೆ ಸಾವಿರದಲ್ಲಿ ಒಂದೆರಡು ಸಲ ಸಹಜವಾಗಿ ನಡೆಯುತ್ತದೆ. ಅನೇಕ ಸಾಲುಗಳು ಹೊಂದದಿದ್ದರೆ ಮಾತ್ರ 'ತಂದೆ ಅಲ್ಲ' ಎಂಬ ನಿರ್ಣಯ.

ಸಂಬಂಧದೊಳಗೆ ಮದುವೆಯಾದ ಮನೆಗಳು ಗಮನಿಸಬೇಕಾದದ್ದು

ಮೇಲಿನ ಲೆಕ್ಕದ 'ದಾರಿಹೋಕ ಗಂಡಸು' ನಿಮಗೆ ಸಂಬಂಧವಿಲ್ಲದವನು. ತಂದೆ ಎನ್ನಲಾದವರ ಬದಲು ಅವರ ತಮ್ಮನೇ ತಂದೆಯಾಗಿರಬಹುದಾದ ಪ್ರಶ್ನೆಯಿದ್ದರೆ ಈ ಲೆಕ್ಕ ಕುಸಿಯುತ್ತದೆ, ಅಣ್ಣತಮ್ಮಂದಿರು ಎಷ್ಟೋ ಜಾಗಗಳಲ್ಲಿ ಒಂದೇ ಆಗಿರುತ್ತಾರೆ. ಇಬ್ಬರ ಮಾದರಿಯನ್ನೂ ಕೊಡಬೇಕು.

ನಮ್ಮಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿ ಇನ್ನೂ ಇದೆ. ಅಂಥ ಮನೆಯಲ್ಲಿ ಮಗುವಿನ ತಂದೆಯ ತಾಯಿಯೇ ತಾಯಿಯ ಅಜ್ಜಿಯೂ ಹೌದು. ಸಾಮಾನ್ಯವಾಗಿ ತಂದೆಯ ಮೈಟೊಕಾಂಡ್ರಿಯಾ ಮಗುವಿಗೆ ಬರುವುದಿಲ್ಲ. ಆದರೆ ಇಲ್ಲಿ ತಂದೆಗೂ ಮಗುವಿಗೂ ಅದು ಒಂದೇ ಆಗಿರುತ್ತದೆ, ಇಬ್ಬರಿಗೂ ಅದೇ ಅಜ್ಜಿಯಿಂದ ಬಂದದ್ದರಿಂದ. ಇದನ್ನು ತಿಳಿಯದ ವಿಶ್ಲೇಷಕರು ತಪ್ಪು ತೀರ್ಮಾನಕ್ಕೆ ಬರಬಹುದು. ಮಾದರಿಯ ಜೊತೆಗೆ ಒಂದು ವಂಶವೃಕ್ಷವನ್ನು ಕೈಯಿಂದ ಬರೆದು ಕೊಡಿ. ಸಂಬಂಧದೊಳಗಿನ ಮದುವೆಗಳಿಗೆ ಎರಡು ಗೆರೆ ಎಳೆಯಿರಿ. ಇದಕ್ಕಿಂತ ಉಪಯುಕ್ತವಾದ ಕಾಗದ ನೀವು ಪ್ರಯೋಗಾಲಯಕ್ಕೆ ಕೊಡಲಾರಿರಿ.

ಏಳನೆಯ ಹೆಜ್ಜೆ: ನ್ಯಾಯಾಲಯ ಏನು ಕೇಳುತ್ತದೆ

ಭಾರತದ ನ್ಯಾಯಾಲಯದಲ್ಲಿ ಡಿಎನ್‌ಎ ಸಾಕ್ಷ್ಯ ಮೊದಲು ಬಂದದ್ದು ಕೇರಳದ ತಲಶ್ಶೇರಿಯ ಪಿತೃತ್ವದ ಪ್ರಕರಣದಲ್ಲಿ, 1989ರ ಹೊತ್ತಿಗೆ. ಅದರ ಹಿಂದೆ ಇದ್ದವರು ಹೈದರಾಬಾದಿನ ವಿಜ್ಞಾನಿ ಲಾಲ್ಜಿ ಸಿಂಗ್. ಕಟ್ಟುಹಾವಿನ ಜಾತಿಯ ಹಾವೊಂದರ ಡಿಎನ್‌ಎ ತುಣುಕಿನಿಂದ ಅವರು ಪರೀಕ್ಷೆಯ ಸಾಧನವನ್ನು ರೂಪಿಸಿದ್ದರು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಈ ವಿಧಾನವನ್ನು ಕಂಡುಕೊಂಡದ್ದು 1984ರಲ್ಲಿ.

ಅಂದಿನಿಂದ ಇಂದಿನವರೆಗೆ ನಮ್ಮ ನ್ಯಾಯಾಲಯಗಳು ಒಂದು ವಿಷಯದಲ್ಲಿ ಗಟ್ಟಿಯಾಗಿವೆ: ಕೇಳಿದ ಕೂಡಲೇ ಪರೀಕ್ಷೆಗೆ ಆದೇಶ ಸಿಗದು. ಮದುವೆ ಊರ್ಜಿತವಾಗಿರುವಾಗ, ಅಥವಾ ಅದು ಮುಗಿದು ತಾಯಿ ಮರುಮದುವೆಯಾಗದೆ 280 ದಿನಗಳ ಒಳಗೆ ಹುಟ್ಟಿದ ಮಗು ಆ ಗಂಡನದೇ ಎಂದು ಕಾನೂನು ಭಾವಿಸುತ್ತದೆ. ಗಂಡಹೆಂಡಿರು ಸೇರುವ ಅವಕಾಶವೇ ಇರಲಿಲ್ಲ ಎಂದು ತೋರಿಸಿದರೆ ಮಾತ್ರ ಈ ಭಾವನೆ ಬೀಳುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 112ನೆಯ ಕಲಮು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೆಯ ಕಲಮು ಆಗಿದೆ. ಮಗುವಿನ ತಲೆಯ ಮೇಲೆ ಕಳಂಕ ಬೀಳದಿರಲಿ ಎಂಬುದು ಇದರ ಉದ್ದೇಶ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ವಿಚ್ಛೇದನದ ಜಗಳದಲ್ಲಿ ಮಗುವನ್ನು ಆಯುಧವಾಗಿಸಿ ಡಿಎನ್‌ಎ ಪರೀಕ್ಷೆ ಕೇಳುವುದನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಮತ್ತೊಮ್ಮೆ ತಡೆದಿದೆ. ಹಾಗೆಂದು ವಿಜ್ಞಾನಕ್ಕೆ ಬೆಲೆಯಿಲ್ಲವೆಂದಲ್ಲ: ಪರೀಕ್ಷೆ ಆಗಿ ಫಲಿತಾಂಶ ಕಣ್ಣೆದುರಿಗೆ ಇದ್ದಾಗ ಅದು ಕಾನೂನಿನ ಊಹೆಗಿಂತ ಮೇಲು ಎಂದು ಅದೇ ನ್ಯಾಯಾಲಯ 2014ರಲ್ಲಿ ಹೇಳಿದೆ. ನ್ಯಾಯಾಲಯ ಸೂಚಿಸಿದ ಮೇಲೂ ಮಾದರಿ ಕೊಡಲು ನಿರಾಕರಿಸಿದವರ ವಿರುದ್ಧ ಪ್ರತಿಕೂಲ ತೀರ್ಮಾನಕ್ಕೆ ಬರುವ ಅಧಿಕಾರವೂ ಅದಕ್ಕಿದೆ. ತಾನು ಅವರ ಮಗನೆಂದು ಯುವಕನೊಬ್ಬ ಹೂಡಿದ ದಾವೆಯಲ್ಲಿ ಹಿರಿಯ ರಾಜಕಾರಣಿ ಎನ್.ಡಿ. ತಿವಾರಿಯವರು ವರ್ಷಗಳ ಕಾಲ ತಪ್ಪಿಸಿಕೊಂಡರೂ 2012ರಲ್ಲಿ ರಕ್ತ ಕೊಡಬೇಕಾಯಿತು, ಮಗನ ಮಾತು ನಿಜವಾಯಿತು.

ವಕೀಲರಿಗೆ ಹಣವಿಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಸಹಾಯವಾಣಿ 15100. ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ನೆರವು ಉಚಿತ.

ಮನೆಗೆ ತರಿಸುವ ಕಿಟ್

ಅಂತರ್ಜಾಲದಲ್ಲಿ ಸಿಗುವ ವಂಶಮೂಲದ ಕಿಟ್‌ಗಳ ಬಗ್ಗೆ ಎರಡೇ ಮಾತು. ನಿಮ್ಮ ಉಗುಳಿನೊಂದಿಗೆ ನಿಮ್ಮ ಅಣ್ಣತಮ್ಮಂದಿರ, ಮಕ್ಕಳ ಗುರುತನ್ನೂ ಅವರನ್ನು ಕೇಳದೆಯೇ ಕೊಡುತ್ತಿದ್ದೀರಿ. 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಶಕಗಳ ಹಿಂದಿನ ಸರಣಿ ಹಂತಕನೊಬ್ಬ ಸಿಕ್ಕಿಬಿದ್ದದ್ದು ದೂರದ ಸಂಬಂಧಿಕರು ಇಂಥ ತಾಣಕ್ಕೆ ಹಾಕಿದ ಮಾಹಿತಿಯಿಂದ. 2025ರ ಮಾರ್ಚಿನಲ್ಲಿ ಈ ವ್ಯವಹಾರದ ದೊಡ್ಡ ಕಂಪನಿಯಾದ ಅಮೆರಿಕದ 23ಆಂಡ್‌ಮಿ ದಿವಾಳಿ ಅರ್ಜಿ ಹಾಕಿದಾಗ, ಸುಮಾರು ಒಂದೂವರೆ ಕೋಟಿ ಜನರ ಮಾಹಿತಿಯ ಗತಿಯೇನು ಎಂಬ ಪ್ರಶ್ನೆ ಎದ್ದಿತು. ನಮ್ಮಲ್ಲಿ ಡಿಎನ್‌ಎ ಮಾಹಿತಿಗೆಂದೇ ತಂದಿದ್ದ 2019ರ ಮಸೂದೆಯನ್ನು 2023ರಲ್ಲಿ ಹಿಂಪಡೆಯಲಾಯಿತು. ಕುತೂಹಲಕ್ಕಾಗಿ ಮಾಡಿಸುವುದಾದರೆ ಮನೆಯ ಹಿರಿಯರನ್ನು ಮೊದಲು ಕೇಳಿ. ಅವರು ಬೇಡ ಎಂದರೆ ಅದಕ್ಕೆ ಅವರದೇ ಕಾರಣ ಇರಬಹುದು.

ಉತ್ತರ ತಡವಾದರೆ

ಕಾಣೆಯಾದವರಿಗಾಗಿ ಮಾದರಿ ಕೊಟ್ಟು ಬಂದ ಮೇಲೆ ಮಾದರಿಯ ಸಂಖ್ಯೆ, ಪ್ರಕರಣದ ಸಂಖ್ಯೆ, ಠಾಣೆಯ ಹೆಸರು, ಕಳುಹಿಸಿದ ದಿನಾಂಕ ಇವಿಷ್ಟನ್ನು ಒಂದು ಕಾಗದದಲ್ಲಿ ಬರೆದು, ಪಡಿತರ ಚೀಟಿ, ಆಧಾರ್ ಇಡುವ ಜಾಗದಲ್ಲೇ ಇಡಿ. ತಿಂಗಳಿಗೊಮ್ಮೆ ಠಾಣೆಗೆ ಹೋಗಿ ಕೇಳಿ. ಮನೆ ಬದಲಿಸಿದರೆ ಹೊಸ ವಿಳಾಸ ಕೊಡಿ, ಮೊಬೈಲ್ ಸಂಖ್ಯೆ ಬದಲಿಸಬೇಡಿ. ಉತ್ತರ ಎಂದೋ ಒಂದು ದಿನ ಬರಬಹುದು. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದ ಲಾರಿಯ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಡಿಎನ್‌ಎ ಖಚಿತಪಡಿಸಿದ ಮೇಲೆಯೇ ಅವನನ್ನು ಕೇರಳದ ಮನೆಗೆ ಕರೆದೊಯ್ದರು.

ಅದೇ ವರ್ಷದ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ಊರಿಗೆ ಊರೇ ಕೊಚ್ಚಿಹೋದಾಗ, ಗುರುತು ಸಿಗದ ದೇಹಗಳನ್ನೂ ದೇಹದ ಭಾಗಗಳನ್ನೂ ಪುತ್ತುಮಲೆಯಲ್ಲಿ ಸಾಲಾಗಿ ಮಣ್ಣು ಮಾಡಿದರು. ಪ್ರತಿ ಗುಳಿಯ ತಲೆಯ ಕಡೆ ಒಂದು ಸಂಖ್ಯೆ ನೆಟ್ಟಿದ್ದರು. ರಕ್ತ ಕೊಟ್ಟ ಮನೆಯವರಿಗೆ ಹೊಂದಾಣಿಕೆಯ ವರದಿ ಬಂದಂತೆ, ಅವರು ಸಂಖ್ಯೆ ಹುಡುಕಿಕೊಂಡು ಅಲ್ಲಿಗೆ ಹೋದರು. ಕೆಲವು ಗುಳಿಗಳ ಮೇಲೆ ಸಂಖ್ಯೆಯ ಪಕ್ಕದಲ್ಲಿ ಹೆಸರು ಬಂತು.